ಶಾಲು ಹೊದಿಸಿದ ಮೇಲೆ ಕೇಳಲಾಗದ ಪ್ರಶ್ನೆಗಳು

ನಮ್ಮ ಹಾಸನದಲ್ಲಿ ಸಾಧಕರ ಜೊತೆ ಸಂವಾದ ಎಂಬ ಕಾರ್ಯಕ್ರಮ ಆಗಾಗ ನಡೆಯುತ್ತಿರುತ್ತದೆ. ನಡೆಸುವ ಸಂಘ ಬೇರೆ, ಸಭಾಂಗಣ ಬೇರೆ, ಕ್ರಮ ಮಾತ್ರ ಒಂದೇ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ. ಆಮೇಲೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಒಂದು ಫೋಟೊ. ಆ ಫೋಟೊದಲ್ಲಿ ಬಿಟ್ಟುಹೋದವರ ಹೆಸರು ಕೂಗಿ ಕರೆದು ಇನ್ನೊಂದು ಫೋಟೊ. ಇಷ್ಟೆಲ್ಲ ಮುಗಿದು ಗಡಿಯಾರ ನೋಡುವ ಹೊತ್ತಿಗೆ ಸಂವಾದಕ್ಕೆ ಅರ್ಧ ಗಂಟೆ ಉಳಿದಿರುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು, ಮೈಕಿನ ಮುಂದೆ ತಡವರಿಸುವುದಿಲ್ಲ ಎಂಬ ಕಾರಣಕ್ಕೆ ಅತಿಥಿಯ ಎದುರಿನ ಕುರ್ಚಿಗೆ ನನ್ನನ್ನು ಕರೆಯುತ್ತಾರೆ. ಪ್ರಶ್ನೆಗಳ ಪಟ್ಟಿಯನ್ನೂ ಕೆಲವೊಮ್ಮೆ ಅವರೇ ಕೈಗೆ ಕೊಡುತ್ತಾರೆ. ಮೊದಲನೆಯದು ಬಾಲ್ಯ, ಎರಡನೆಯದು ನಡೆದು ಬಂದ ದಾರಿ, ಕೊನೆಯದು ಇಂದಿನ ಯುವಜನತೆಗೆ ಸಂದೇಶ.

ಈ ಪಟ್ಟಿಯಲ್ಲಿ ಊರು ಎಲ್ಲಿಯೂ ಇರುವುದಿಲ್ಲ. ಅತಿಥಿ ಈ ಊರಿನ ನೀರು, ರಸ್ತೆ, ಬಡಾವಣೆ, ಮಾರುಕಟ್ಟೆಗಳ ಕಡತಗಳಿಗೆ ಸೇವಾವಧಿಯುದ್ದಕ್ಕೂ ಸಹಿ ಹಾಕಿದವರೇ ಆಗಿರಬಹುದು. ಆ ಸಹಿಗಳ ಮಾತು ಬರುವುದಿಲ್ಲ. ಬರಿಗಾಲಿನಲ್ಲಿ ಶಾಲೆಗೆ ನಡೆದದ್ದು, ವಾರಾನ್ನ ಉಂಡದ್ದು, ಬೀದಿದೀಪದ ಕೆಳಗೆ ಓದಿದ್ದು ಬರುತ್ತದೆ. (ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಇದ್ದ ಬೀದಿದೀಪಗಳಿಗಿಂತ ಅವುಗಳ ಕೆಳಗೆ ಓದಿ ಮುಂದೆ ಬಂದವರೇ ಹೆಚ್ಚಿರಬೇಕು ಎಂಬುದು ನನ್ನ ಬಹುಕಾಲದ ಅನುಮಾನ.) ಸಭೆ ಚಪ್ಪಾಳೆ ತಟ್ಟುತ್ತದೆ, ವಂದನಾರ್ಪಣೆ ಆಗುತ್ತದೆ, ಎಲ್ಲರೂ ಉಪ್ಪಿಟ್ಟು ಕೇಸರಿಭಾತಿನ ಕಡೆಗೆ ಹೊರಡುತ್ತಾರೆ. ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಾಗ ಅದೇ ಅತಿಥಿ ಬೇರೆ ಮನುಷ್ಯರಾಗುತ್ತಾರೆ. ಯಾವ ರಸ್ತೆ ಯಾರ ಗದ್ದೆಯನ್ನು ಬಳಸಿಕೊಂಡು ಯಾಕೆ ತಿರುಗಿತು, ಯಾವ ಕಟ್ಟಡದ ಜಾಗ ಮೊದಲು ಎಲ್ಲಿ ಗೊತ್ತಾಗಿತ್ತು, ಯಾರ ಫೋನ್ ಬಂದು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಸರಾಗವಾಗಿ ಹೇಳುತ್ತಾರೆ. ಅಲ್ಲಿ ಮೈಕು ಇರುವುದಿಲ್ಲ.

ಹಾಗಾಗಿ ಅವರು ಮುಚ್ಚಿಡುತ್ತಾರೆ ಎಂದು ದೂರುವುದು ನ್ಯಾಯವಾಗದು. ಹೆಗಲ ಮೇಲೆ ಶಾಲು ಬಿದ್ದ ಕ್ಷಣದಿಂದ ಅವರು ಮನೆಗೆ ಬಂದ ಬೀಗರಂತೆ. ಬೀಗರನ್ನು ಜಗಲಿಯ ಮೇಲೆ ಕೂರಿಸಿ, ಆ ಜಮೀನಿನ ತಕರಾರು ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಸಾಲಗಾಮೆ ರಸ್ತೆ

ಈ ಊರಿಗೆ ಈಗಿನ ಆಕಾರ ಬಂದದ್ದರಲ್ಲಿ ಸಾಲಗಾಮೆ ರಸ್ತೆಯ ಪಾಲು ದೊಡ್ಡದು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1982ರಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಊರಿನವರೆಲ್ಲ ಹೇಳುವ ಎಂಸಿಎಫ್, ಬಂತು. ಒಂದು ಸಂಸ್ಥೆ ಹೊರಗಿನ ಹುಡುಗರನ್ನು ಕರೆತಂದಿತು, ಇನ್ನೊಂದು ಹೊರಗಿನ ಸಂಸಾರಗಳನ್ನು. ಬಾಡಿಗೆ ಮನೆ, ಮೆಸ್ಸು, ಜೆರಾಕ್ಸ್ ಅಂಗಡಿ, ಬೆಳಿಗ್ಗೆ ಬೇಗ ತೆರೆಯುವ ಹೋಟೆಲು ಎಲ್ಲವೂ ಇವುಗಳ ಹಿಂದೆಯೇ ಬಂದವು. ತಮಿಳು, ಮಲಯಾಳ, ಹಿಂದಿ ಮಾತನಾಡುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಸಹಜವಾದದ್ದು ಆಗಲೇ. ಆದರೂ ಎಂಸಿಎಫ್ ಬಗ್ಗೆ ಕೇಳಿದರೆ ಹಾಸನದವರ ಬಾಯಲ್ಲಿ ಬರುವುದು ದೊಡ್ಡ ಆಂಟೆನಾಗಳ ಮಾತು, ಅದಾದ ಮೇಲೆ ಹೆಮ್ಮೆ. ಹೆಮ್ಮೆ ಎಂಬುದು ಎಷ್ಟೋ ಸಲ ಮುಂದೆ ವಿಚಾರಿಸುವ ಶ್ರಮವನ್ನು ಉಳಿಸುತ್ತದೆ.

ಅಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಇಲ್ಲಿಯೇ ಮನೆ ಕಟ್ಟಿಕೊಂಡ ಹಿರಿಯರೊಬ್ಬರು ಒಂದು ಸಂವಾದಕ್ಕೆ ಬಂದಿದ್ದರು. ಪಟ್ಟಿಯಲ್ಲಿದ್ದ ಪ್ರಶ್ನೆ: ‘ಯಶಸ್ಸಿನ ಗುಟ್ಟೇನು?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಿಸ್ತು, ತಂಡದ ಕೆಲಸ ಎಂದು ಏನೋ ಹೇಳಿದರು. ಈ ಊರಿನ ಕೈಗೆ ಬಂದ ಮೊದಲ ಉಪಗ್ರಹದ ಕಥೆ ಯಶಸ್ಸಿನ ಕಥೆಯೇ ಅಲ್ಲ ಎಂಬುದು ಸಭೆಯಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ. ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದರ ಆಸೆ ಬಿಡಬೇಕಾಯಿತು. ಉಪಗ್ರಹವನ್ನು ನೆಟ್ಟಗೆ ನಿಲ್ಲಿಸುವ ಇಂಧನ ಮುಗಿದಿತ್ತು. ಮರುವರ್ಷ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಅದನ್ನು ಬಿಚ್ಚಿಸುವುದು ಸೆಪ್ಟೆಂಬರ್ ನಡುವಿನವರೆಗೂ ಎಳೆಯಿತು. ಒಂದು ಕೈ ತಪ್ಪಿದ ಮರುವರ್ಷವೇ ಇನ್ನೊಂದೂ ಹೀಗೆ ಮೊಂಡು ಹಿಡಿದರೆ ಆ ಪರದೆಗಳ ಮುಂದೆ ಕುಳಿತವರಿಗೆ ನಿದ್ದೆ ಹೇಗೆ ಬಂದೀತು? ಮುಂದೆ ಅದೇ 1ಬಿಯ ಬಲದಿಂದ ದೂರದರ್ಶನ ದೇಶದ ಮೂಲೆಮೂಲೆಗೆ ಹರಡಿತು.

ತಿಂಡಿಯ ಹೊತ್ತಿನಲ್ಲಿ ಅವರನ್ನು ಕೇಳಿದೆ, ‘ದಿನಾ ಅಲ್ಲಿ ಏನು ಮಾಡುತ್ತಿದ್ದಿರಿ ಸರ್?’

‘ಕಾಯುತ್ತಿದ್ದೆವು’ ಎಂದರು. ಆಮೇಲೆ ಬಿಡಿಸಿ ಹೇಳಿದರು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ನಮಗೆ ಕಾಣುವ ಉಪಗ್ರಹ ನಿಜವಾಗಿ ನಿಂತಿರುವುದಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ, ಭೂಮಿಯ ಸ್ವಂತ ಅಂಕುಡೊಂಕಿಗೆ ಸಿಕ್ಕಿ ಜರುಗುತ್ತಲೇ ಇರುತ್ತದೆ. ಅದನ್ನು ಆಗಾಗ ಮೆಲ್ಲಗೆ ತಳ್ಳಿ ಅದರ ಜಾಗಕ್ಕೆ ತರಬೇಕು. ಪ್ರತಿ ಸಲ ತಳ್ಳಿದಾಗಲೂ ಇಷ್ಟಿಷ್ಟೇ ಇಂಧನ ಕಡಿಮೆಯಾಗುತ್ತದೆ. ಇಂಧನ ಮುಗಿದ ದಿನ, ಉಳಿದೆಲ್ಲ ಯಂತ್ರ ಚೆನ್ನಾಗಿದ್ದರೂ, ಅದರ ಆಯುಸ್ಸು ಮುಗಿದಂತೆ. ಅಂದರೆ ಇವರ ಜಾಣತನವಿದ್ದದ್ದು ಎಷ್ಟು ಕಡಿಮೆ ತಳ್ಳಿದರೂ ಸಾಕು ಎಂದು ಲೆಕ್ಕ ಹಾಕುವುದರಲ್ಲಿ. ಇದನ್ನೇ ವೇದಿಕೆಯ ಮೇಲೆ ಹೇಳಿದ್ದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಜಿನಿಯರಿಂಗ್ ಹುಡುಗರು ಮೊಬೈಲ್ ಕೆಳಗಿಡುತ್ತಿದ್ದರು. ಯಶಸ್ಸಿನ ಗುಟ್ಟು ಕೇಳಿ ಅವರಿಗೂ ಸಾಕಾಗಿತ್ತು.

2922 ಅಡಿ

ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಪತ್ರಿಕೆ ಓದುವವರಿಗೆಲ್ಲ ಪರಿಚಿತವಾದ ಒಂದು ಸಂಖ್ಯೆಯಿದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ತುಂಬಿದರೆ ಮೂವತ್ತೇಳು ಟಿಎಂಸಿ ಅಡಿಗಿಂತ ಒಂದಿಷ್ಟು ಹೆಚ್ಚು. ತುಂಬಿದ ದಿನ ಬಾಗಿನ, ಜನಪ್ರತಿನಿಧಿಗಳ ಫೋಟೊ. ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಾಸನ ನಗರ ಕುಡಿಯುವುದು ಹೇಮೆಯ ನೀರನ್ನು, ತುಮಕೂರು ಕಾಯುವುದೂ ಹೇಮೆಯ ನೀರಿಗೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಆ ಯೋಜನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಸರ್ವೆ ಕೆಲಸಕ್ಕೆ ಸೇರಿ, ಮುಂದೆ ದೊಡ್ಡ ಹುದ್ದೆಗೆ ಏರಿ ನಿವೃತ್ತರಾದ ಎಂಜಿನಿಯರ್ ಒಬ್ಬರ ಸಂವಾದ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ತೊಡೆಯ ಮೇಲೆ ಮಡಿಸಿಟ್ಟ ಶಾಲು. ಪಟ್ಟಿಯ ಪ್ರಶ್ನೆಗಳೆಲ್ಲ ಮುಗಿದಿದ್ದವು. ಸಭಿಕರಿಂದ ಒಂದೆರಡು ಪ್ರಶ್ನೆ ಎಂದು ನಿರೂಪಕಿ ಹೇಳಿದಾಗ ಹಿಂದಿನಿಂದ ಒಬ್ಬರು ಎದ್ದರು. ಅರವತ್ತು ದಾಟಿದವರು, ಹೆಗಲ ಮೇಲೆ ಟವೆಲು. ಮೈಕು ಕೈಗೆ ಬಂದ ಮೇಲೆ ಅದನ್ನು ಗಲ್ಲಕ್ಕೆ ತಾಗಿಸಿಕೊಂಡು ತಮ್ಮೂರಿನ ಹೆಸರು ಹೇಳಿದರು. ಆ ಊರು ಈಗ ನೀರಿನೊಳಗಿದೆ. ಆಮೇಲೆ ಕೇಳಿದರು:

‘ಸ್ವಾಮಿ, ಅಳತೆಗೆ ನಮ್ಮ ಊರಿಗೆ ಬಂದಿದ್ದಾಗ ನೀವು ಯಾರ ಮನೆಯಲ್ಲಿ ಊಟ ಮಾಡುತ್ತಿದ್ದಿರಿ?’

ಸಭೆಯಲ್ಲಿ ಒಂದಿಬ್ಬರು ನಕ್ಕರು. ಇದೆಂಥ ಪ್ರಶ್ನೆ ಎಂಬಂತೆ ಸಂಘಟಕರು ನನ್ನ ಮುಖ ನೋಡಿದರು. ಎಂಜಿನಿಯರ್ ನಗಲಿಲ್ಲ. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ‘ಶಾನುಭೋಗರ ಮನೆಯಲ್ಲಿ’ ಎಂದರು. ‘ರಾತ್ರಿ ಅವರ ಜಗಲಿಯಲ್ಲೇ ಮಲಗುತ್ತಿದ್ದೆ. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಹಲಸಿನ ಹಣ್ಣು ಬಿಡಿಸಿ ತಂದುಕೊಡುತ್ತಿದ್ದರು. ಅಳತೆಪಟ್ಟಿ ಹಿಡಿಯುವ ಹುಡುಗರಿಗೆಲ್ಲ ಕೊಡುತ್ತಿದ್ದರು. ಏನು ಅಳೆಯುತ್ತಿದ್ದೇವೆ ಎಂದು ಅವರಿಗೆ ಹೇಳಿರಲಿಲ್ಲ. ಕಾಲುವೆ ಬರುತ್ತದೆ ಎಂದುಕೊಂಡಿದ್ದರು.’ ಸ್ವಲ್ಪ ತಡೆದರು. ‘ಎರಡು ಸಾವಿರದ ಒಂಬೈನೂರ ಇಪ್ಪತ್ತೆರಡರ ಕಲ್ಲು ನೆಡುವ ದಿನ ಬಂದಾಗ ಗೊತ್ತಾಯಿತು. ಕಲ್ಲು ದೇವಸ್ಥಾನಕ್ಕಿಂತ ಮೇಲೆ, ಗುಡ್ಡದ ಮಗ್ಗುಲಲ್ಲಿ ಬಿತ್ತು. ಅಂದು ಊಟಕ್ಕೆ ಯಾರೂ ಕರೆಯಲಿಲ್ಲ. ನಾವೂ ಕೇಳಲಿಲ್ಲ.’

‘ಆ ಅಜ್ಜಿ ನಮ್ಮ ಮನೆಯವರು’ ಎಂದರು ಆತ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸರಿಯಾದ ಮನುಷ್ಯನನ್ನೇ ಕೇಳಿದ್ದೇನೆ ಎಂದು ಖಚಿತಪಡಿಸಿಕೊಂಡವರ ಹಾಗಿದ್ದರು. ಆಮೇಲೆ ಅವರಿಬ್ಬರೂ ಸಭೆ ಇದೆಯೆಂಬುದನ್ನೇ ಮರೆತು ಮಾತನಾಡಿದರು. ಯಾವ ಓಣಿ, ಯಾವ ಬಾವಿ, ಬದಲಿ ಜಮೀನು ಎಲ್ಲಿ ಸಿಕ್ಕಿತು, ಅದಕ್ಕೆ ಎಷ್ಟು ವರ್ಷ ಕಚೇರಿ ಅಲೆದದ್ದು, ಮರದ ಬೆಲೆಯನ್ನು ಹೇಗೆ ಕಟ್ಟಿದರು, ಹಲಸಿಗೂ ಮಾವಿಗೂ ಒಂದೇ ದರ ಹಾಕಿದ್ದು ಯಾಕೆ. ಕೊನೆಯ ಪ್ರಶ್ನೆಗೆ ಎಂಜಿನಿಯರ್ ಬಳಿ ಉತ್ತರವಿತ್ತು, ಅದು ಒಳ್ಳೆಯ ಉತ್ತರವಾಗಿರಲಿಲ್ಲ, ಅದನ್ನೂ ಅವರೇ ಒಪ್ಪಿಕೊಂಡರು. ಅಂದು ವಂದನಾರ್ಪಣೆ ತಡವಾಯಿತು.

ನಾನು ಆ ಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದರೂ ಆ ಪ್ರಶ್ನೆ ನನಗೆ ಹೊಳೆಯುತ್ತಿರಲಿಲ್ಲ. ಓದಿನ ಬಲದಿಂದ ಹುಟ್ಟುವ ಪ್ರಶ್ನೆ ಅದಲ್ಲ. ಪುನರ್ವಸತಿ ಕುರಿತು ನಿಮ್ಮ ಅಭಿಪ್ರಾಯವೇನು ಎಂದು ನಾನು ಕೇಳಿರುತ್ತಿದ್ದೆ, ಅಭಿವೃದ್ಧಿಗೆ ತ್ಯಾಗ ಅನಿವಾರ್ಯ ಎಂದು ಅವರು ಹೇಳಿರುತ್ತಿದ್ದರು. ಅಭಿಪ್ರಾಯ ಕೇಳಿದರೆ ಅಭಿಪ್ರಾಯ ಸಿಗುತ್ತದೆ. ಊಟ ಎಲ್ಲಿ ಮಾಡಿದಿರಿ ಎಂದು ಕೇಳಿದ್ದಕ್ಕೆ ಹಲಸು, ಕಲ್ಲು, ದೇವಸ್ಥಾನ, ಹೇಳದೆ ಉಳಿಸಿಕೊಂಡ ಒಂದು ಮಾತು ಎಲ್ಲವೂ ಬಂದವು.

ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಯಲ್ಲಿ ಏಳುವ ಶೆಟ್ಟಿಹಳ್ಳಿ ಚರ್ಚು ಎಲ್ಲರಿಗೂ ಗೊತ್ತು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಜೋಡಿಗಳು ದೂರದಿಂದ ಬರುತ್ತವೆ. ಅದರ ಸುತ್ತ ಮುಳುಗಿದ ಮನೆಗಳಿಗೆ ಕಮಾನುಗಳಿರಲಿಲ್ಲ, ಹಾಗಾಗಿ ಅವುಗಳ ಫೋಟೊ ಇಲ್ಲ.

ಬಹುಮಾನಕ್ಕೆ ಮುಂಚೆ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಅನುವಾದಿಸಿದ ದೀಪಾ ಭಾಸ್ತಿ ಅವರೊಂದಿಗೆ ಹಂಚಿಕೊಂಡ ಬಹುಮಾನ, ಕನ್ನಡಕ್ಕೆ ಬಂದ ಮೊದಲನೆಯದು. ಊರಿಗೆ ಊರೇ ಹಿಗ್ಗಿತು, ಹಿಗ್ಗಬೇಕಾದದ್ದೇ. ವೃತ್ತಗಳಲ್ಲಿ ಫ್ಲೆಕ್ಸ್, ಸನ್ಮಾನದ ಮೇಲೆ ಸನ್ಮಾನ. ನನಗೆ ಕಾಡಿದ್ದು ಬೇರೆ. ಅವರು ಎಲ್ಲಿಂದಲೋ ಬಂದವರಲ್ಲ. ಹಾಸನದಲ್ಲಿ ವಕೀಲಿ ಮಾಡಿದವರು, ಲಂಕೇಶ್ ಪತ್ರಿಕೆಗೆ ವರದಿ ಬರೆದವರು, ಇಲ್ಲಿನ ಪುರಸಭೆಗೆ ಆಯ್ಕೆಯಾಗಿ ಕುಳಿತವರು, ಬಂಡಾಯದ ಕಾಲದಿಂದ ಕಥೆ ಬರೆದವರು. ಮಸೀದಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಬೇಕು ಎಂದು ಮಾತನಾಡಿದ್ದಕ್ಕೆ 2000ದ ಹೊತ್ತಿಗೆ ಸಾಮಾಜಿಕ ಬಹಿಷ್ಕಾರ ಅನುಭವಿಸಿದವರು. ಅಷ್ಟು ವರ್ಷ ಅವರು ಇದ್ದದ್ದು ಇಲ್ಲಿಯೇ, ನಾವು ಓಡಾಡುವ ಬೀದಿಗಳಲ್ಲೇ.

ಆಗ ಅವರನ್ನು ಈ ಊರು ಏನು ಕೇಳಿತು? ಪುರಸಭೆಯಲ್ಲಿ ಕುಳಿತ ಹೆಣ್ಣುಮಗಳಿಗೆ ನಲ್ಲಿ, ಚರಂಡಿ, ಖಾತೆ ಬದಲಾವಣೆಗಳಲ್ಲಿ ಏನು ಕಂಡಿತು ಎಂದು ಕೇಳಿದವರು ಎಷ್ಟು ಜನ? ಬಹಿಷ್ಕಾರದ ದಿನಗಳಲ್ಲಿ ಬಾಗಿಲು ತಟ್ಟಿ ಹೇಗಿದ್ದೀರಿ ಎಂದವರು ಯಾರು ಯಾರು? ಈಗ ಮೈಕು ಹಿಡಿದು ಸ್ಫೂರ್ತಿ ಏನು ಎಂದು ಕೇಳುವುದು ಸುಲಭ. ಲಂಡನ್ನಿನ ತೀರ್ಪು ಬಂದ ಮೇಲೆ ಒಬ್ಬರನ್ನು ಗಣ್ಯರೆಂದು ಗುರುತಿಸುವ ಊರು ತನ್ನ ಕಣ್ಣನ್ನು ಬೇರೆಯವರಿಗೆ ಒತ್ತೆ ಇಟ್ಟ ಹಾಗೆಯೇ. ಈ ಮಾತು ಹೇಳಿದ್ದಕ್ಕೆ ಗೆಳೆಯರೊಬ್ಬರು ಮುನಿಸಿಕೊಂಡರು, ‘ಸಂಭ್ರಮದ ಹೊತ್ತಿನಲ್ಲಿ ಇದೆಲ್ಲ ಯಾಕೆ ಮೇಷ್ಟ್ರೇ?’ ಎಂದು. ಸಂಭ್ರಮ ಮುಗಿದ ಮೇಲೆ ಯಾರೂ ಸಭೆ ಕರೆಯುವುದಿಲ್ಲವಲ್ಲ ಎಂದೆ.

ಒಂದೇ ಹೆಸರಿಗೆ ಬಂದು ನಿಲ್ಲುವ ಮಾತು

ಹಾಸನವನ್ನು ಕಟ್ಟಿದವರು ಯಾರು ಎಂಬ ಚರ್ಚೆ ಎಲ್ಲಿ ಶುರುವಾದರೂ ಹತ್ತು ನಿಮಿಷದೊಳಗೆ ಹರದನಹಳ್ಳಿಗೆ ಹೋಗುತ್ತದೆ. ಹೋಗಲೇಬೇಕು. ಇದೇ ಊರಿನ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿ, 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದು, 1996ರಲ್ಲಿ ಪ್ರಧಾನಿಯಾದ ದೇವೇಗೌಡರನ್ನು ಬಿಟ್ಟು ಈ ಜಿಲ್ಲೆಯ ಕಥೆ ಹೇಳಲಾಗದು. ಆದರೆ ಚರ್ಚೆ ಅಲ್ಲಿಗೆ ತಲುಪಿದ ಕೂಡಲೇ ಎರಡು ಗುಂಪಾಗುತ್ತದೆ. ಒಂದು ಗುಂಪಿಗೆ ಎಲ್ಲವೂ ಅವರಿಂದಲೇ ಆಯಿತು, ಇನ್ನೊಂದಕ್ಕೆ ಎಲ್ಲವೂ ಅವರ ಮನೆಗೇ ಆಯಿತು. ಎರಡೂ ಗುಂಪು ಊರಿನ ಉಳಿದೆಲ್ಲರ ಕೆಲಸವನ್ನು, ತಪ್ಪನ್ನು ಒಂದೇ ಏಟಿಗೆ ಅಳಿಸಿಹಾಕುತ್ತವೆ. ಮಧ್ಯದಲ್ಲಿದ್ದ ಓವರ್‌ಸಿಯರ್, ತಹಶೀಲ್ದಾರ್, ಗುತ್ತಿಗೆದಾರ, ಪುರಸಭೆ ಸದಸ್ಯ ಎಲ್ಲರೂ ಬಚಾವ್.

ಬೆಂಗಳೂರು ರೈಲನ್ನೇ ನೋಡಿ. ಶ್ರವಣಬೆಳಗೊಳದ ಮೂಲಕ ಹೋಗುವ ನೇರ ಮಾರ್ಗದ ಮಾತು ಗಟ್ಟಿಯಾದದ್ದು 1996ರ ಸುಮಾರಿಗೆ, ಪೂರ್ತಿಯಾಗಿ ಓಡಾಟ ಶುರುವಾದದ್ದು 2017ರಲ್ಲಿ. ಇಪ್ಪತ್ತು ವರ್ಷ. ಕ್ರೆಡಿಟ್ ಯಾರಿಗೆ ಎಂದು ಇಂದಿಗೂ ಜಗಳವಿದೆ. ಆ ಇಪ್ಪತ್ತು ವರ್ಷ ಎಲ್ಲಿ ಹೋಯಿತು, ಜಮೀನು ಕೊಟ್ಟವರು ಎಷ್ಟು ಸಲ ಕೋರ್ಟಿಗೆ ಹೋದರು, ಕೆಲಸ ಎಲ್ಲಿ ನಿಂತಿತು ಎಂಬುದನ್ನು ಕೇಳಿ ತಿಳಿದುಕೊಳ್ಳುವ ಸಭೆ ನಾನು ಕಂಡಿಲ್ಲ. ಮಂಗಳೂರಿನ ಕಡೆಯದ್ದೂ ಹಾಗೆಯೇ. ಮೀಟರ್ ಗೇಜಿನಲ್ಲಿ ಘಾಟಿ ಇಳಿಯುತ್ತಿದ್ದ ಪ್ರಯಾಣಿಕರ ಗಾಡಿ ಹಳಿ ಬದಲಾವಣೆಗೆಂದು ನಿಂತಿತು, ಮತ್ತೆ ಬಂದದ್ದು 2007ರ ಕೊನೆಗೆ. ಒಂದು ತಲೆಮಾರಿನ ಮಕ್ಕಳು ಹಾಸನದಿಂದ ರೈಲಿನಲ್ಲಿ ಸಮುದ್ರಕ್ಕೆ ಹೋಗಬಹುದು ಎಂಬುದನ್ನೇ ತಿಳಿಯದೆ ಬೆಳೆದರು.

ಇನ್ನು ಜಿಲ್ಲಾಡಳಿತ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಆಚೆಗೆ ಮುಚ್ಚುತ್ತದೆ. ಆ ಕೆಲವು ದಿನ ಈ ಊರಿನ ಗಣ್ಯರು ಅಧಿಕಾರಿಗಳನ್ನು ಕೇಳುವ ಪ್ರಶ್ನೆ ಒಂದೇ: ‘ಪಾಸ್ ಸಿಗುತ್ತದೆಯೇ?’ ಅಷ್ಟೇ ಹಟದಿಂದ ಉಳಿದ ದಿನಗಳಲ್ಲೂ ಏನಾದರೂ ಕೇಳಿದ್ದರೆ ನಮ್ಮ ಒಳಚರಂಡಿ ಇಷ್ಟರಲ್ಲಿ ಸರಿಹೋಗಿರುತ್ತಿತ್ತು.

ಕೇಳಬೇಕಾದವರನ್ನು ಕರೆಯುವುದು

ಎಂಜಿನಿಯರರ ಸಂವಾದ ಮುಗಿದ ಮೇಲೆ ನಾನು ಸಮಿತಿಯ ಮುಂದೆ ಒಂದು ಸಲಹೆ ಇಟ್ಟೆ. ಅತಿಥಿಯ ಎದುರಿನ ಕುರ್ಚಿಯಲ್ಲಿ ನಾನು ಕೂರುವುದು ಬೇಡ. ಅತಿಥಿಯ ನಿರ್ಧಾರ ಯಾರ ಬದುಕಿನ ಮೇಲೆ ಬಂದು ಬಿತ್ತೋ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಅವರಲ್ಲಿ ಒಬ್ಬರನ್ನು ಹುಡುಕಿ ಕೂರಿಸೋಣ. ಹಾಲಿನ ಒಕ್ಕೂಟದವರು ಬಂದರೆ ಬೆಳಿಗ್ಗೆ ಡೇರಿಗೆ ಕ್ಯಾನು ಹೊರುವವರು ಕೇಳಲಿ. ಕಾಲೇಜಿನ ಹಳೆಯ ಪ್ರಾಂಶುಪಾಲರು ಬಂದರೆ ಸಾಲಗಾಮೆ ರಸ್ತೆಯಲ್ಲಿ ಮೆಸ್ಸು ನಡೆಸಿದವರು ಕೇಳಲಿ. ಮೈಕು ಹಿಡಿದು ಅಭ್ಯಾಸವಿಲ್ಲದಿದ್ದರೆ ಪಕ್ಕದಲ್ಲಿ ನಾನಿರುತ್ತೇನೆ.

ಸಮಿತಿಯಲ್ಲಿ ಮೊದಲು ಎದ್ದ ಆಕ್ಷೇಪ, ಅತಿಥಿಗಳಿಗೆ ಮುಜುಗರವಾಗುತ್ತದೆ ಎಂಬುದು. ಎರಡನೆಯದು, ಜಗಳವಾದರೆ? ಖಜಾಂಚಿ ಹೇಳಿದ್ದು ಮಾತ್ರ ಕಾಳಿದ್ದ ಮಾತು: ‘ಹೀಗೆ ಮಾಡಿದರೆ ಪ್ರಾಯೋಜಕರು ಸಿಗುವುದಿಲ್ಲ ಸರ್. ಅವರು ದುಡ್ಡು ಕೊಡುವುದೇ ಫೋಟೊದಲ್ಲಿ ನಿಲ್ಲುವುದಕ್ಕೆ.’ ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸಭಾಂಗಣದ ಬಾಡಿಗೆ, ಶಾಮಿಯಾನ, ತಿಂಡಿ ಎಲ್ಲಕ್ಕೂ ದುಡ್ಡು ಬೇಕು. ಕೊನೆಗೆ ಒಂದು ಸಲ ನೋಡೋಣ, ತಿಂಡಿಯ ಬದಲು ಬರೀ ಕಾಫಿ ಕೊಡೋಣ ಎಂಬಲ್ಲಿಗೆ ಬಂದು ನಿಂತಿದ್ದೇವೆ.

ಮುಂದಿನ ಅತಿಥಿ ಊರಿನ ಬಸ್ಸುಗಳ ವ್ಯವಸ್ಥೆಯನ್ನು ಹಳೆಯ ನಿಲ್ದಾಣದಿಂದ ಹೊಸದಕ್ಕೆ ಸಾಗಿಸಿದ ಕಾಲದಲ್ಲಿ ಕೆಲಸದಲ್ಲಿದ್ದ ನಿವೃತ್ತ ಅಧಿಕಾರಿ. ಅವರು ಒಪ್ಪಿದ್ದಾರೆ, ಸ್ವಲ್ಪ ಕುತೂಹಲದಿಂದಲೇ ಒಪ್ಪಿದ್ದಾರೆ. ಕೇಳುವವರಾಗಿ ಹಳೆಯ ನಿಲ್ದಾಣದ ಹೊರಗೆ ತಾಯಿಯ ಕಾಲದಿಂದ ಹೂ ಮಾರುವ ಒಬ್ಬರನ್ನು ಕೇಳಿಕೊಂಡೆ. ದೂರದೂರಿನ ಬಸ್ಸುಗಳು ಹೋದ ಮೇಲೆ ವ್ಯಾಪಾರ ಏನಾಯಿತು, ಹೊಸ ನಿಲ್ದಾಣದಲ್ಲಿ ಜಾಗ ಕೇಳಿದಾಗ ಯಾರು ಏನೆಂದರು ಎಂಬುದನ್ನೆಲ್ಲ ಮಲ್ಲಿಗೆ ಕಟ್ಟುತ್ತಲೇ ಹೇಳಿದರು. ಲೆಕ್ಕ ಅವರ ನಾಲಿಗೆಯ ತುದಿಯಲ್ಲೇ ಇತ್ತು. ‘ಬರುತ್ತೇನೆ ಅಣ್ಣ, ಆದರೆ ಸಂಜೆ ಆಗುವುದಿಲ್ಲ. ಐದು ಗಂಟೆಯ ಮೇಲೆ ನನಗೆ ವ್ಯಾಪಾರ’ ಎಂದರು. ನಮ್ಮ ಕಾರ್ಯಕ್ರಮಗಳೆಲ್ಲ ಶುರುವಾಗುವುದೇ ಸಂಜೆ ಐದೂವರೆಗೆ. ಆಹ್ವಾನ ಪತ್ರಿಕೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಎಂದು ಹಾಕಿಸಬೇಕು, ಇಲ್ಲವೇ ಅವರನ್ನು ಬಿಡಬೇಕು. ಎರಡು ಗಂಟೆಗೆ ಯಾರು ಬರುತ್ತಾರೆ ಎಂದು ಕಾರ್ಯದರ್ಶಿಗಳು ನಿನ್ನೆ ಮತ್ತೆ ಫೋನ್ ಮಾಡಿದ್ದರು. ಸಭಿಕರು ಕಡಿಮೆಯಾದರೂ ಸರಿ, ಎರಡಕ್ಕೇ ಇರಲಿ ಎಂದಿದ್ದೇನೆ. ಮುದ್ರಣಕ್ಕೆ ಕೊಡಲು ಶುಕ್ರವಾರದವರೆಗೆ ಸಮಯವಿದೆ.